ಮೊಳೆಗೆ ನೇತು ಹಾಕಿದ ಸ್ಪ್ರಿಂಗು

“ಗುರುಗಳೇ, ನಾನಿಲ್ಲದಿದ್ದರೆ ಈ ಮಠದ ದಾಸೋಹ ನಡೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದಾಗ ನನಗೆ ಹೆಮ್ಮೆಯಾಗುತ್ತದೆ. ಈ ಹೆಮ್ಮೆ ತಪ್ಪೇ?”

ಕೇಳಿದವನು ಅಡವೀಶ. ಮಠದ ಅಡುಗೆಮನೆ ಅವನ ಕೈಯಲ್ಲಿತ್ತು. ಹಂಡೆಯ ಅನ್ನಕ್ಕೆ ಎಷ್ಟು ನೀರು, ಸಾರಿಗೆ ಎಷ್ಟು ಉಪ್ಪು, ಒಲೆಯಿಂದ ಯಾವಾಗ ಕೊಳ್ಳಿ ಹಿಂದೆಗೆಯಬೇಕು, ಎಲ್ಲ ಅವನೊಬ್ಬನಿಗೇ ಗೊತ್ತು. ಕೆಲಸ ಕಲಿಯಲಿ ಎಂದು ಗುರುಗಳು ಇಬ್ಬರು ಶಿಷ್ಯರನ್ನು ಅವನ ಕೈಕೆಳಗೆ ಬಿಟ್ಟಿದ್ದರು. ವರ್ಷವಾಗುತ್ತ ಬಂದರೂ ಅವರಿಬ್ಬರು ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

“ಹೆಮ್ಮೆ ತಪ್ಪು ಎಂದು ನಿನಗೆ ಯಾರಪ್ಪ ಹೇಳಿದವರು?” ಎಂದರು ಗುರುಗಳು. “ಹೆಮ್ಮೆ ಇಲ್ಲದವನು ಮಾಡಿದ ಸಾರನ್ನು ನಾನಂತೂ ಉಣ್ಣಲಾರೆ. ಕೂತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ.”

ಅಡವೀಶ ಒಲೆಯ ಬಳಿಯೇ ಕೂತ. ಗುರುಗಳು ಕತೆ ಹೇಳಿದರು.

ಒಂದು ಬೆಟ್ಟದ ಬುಡದ ಊರಿನಲ್ಲಿ ಮೂಡ್ಲಯ್ಯ ಎಂಬ ರೈತನಿದ್ದ. ಆ ಊರಿನವರದೆಲ್ಲ ಸೇವಂತಿಗೆ ತೋಟಗಳು. ಇಳಿಜಾರಿನಲ್ಲಿ ಪಟ್ಟಿ ಪಟ್ಟಿಯಾಗಿ, ಮಳೆಯನ್ನೇ ನಂಬಿಕೊಂಡು ಇದ್ದ ತೋಟಗಳು. ದೊಡ್ಡ ಟ್ರ್ಯಾಕ್ಟರು ಅಲ್ಲಿಗೆ ಇಳಿದರೆ ತಿರುಗಲು ಜಾಗವಿಲ್ಲ. ಎಲ್ಲರೂ ಎತ್ತು ಕಟ್ಟಿಯೇ ಉಳುತ್ತಿದ್ದರು.

ಒಂದು ದಿನ ಮೂಡ್ಲಯ್ಯ ಪೇಟೆಯ ಗುಜರಿ ಅಂಗಡಿಯಲ್ಲಿ ತೋಟ ಉಳುವ ಒಂದು ಹಳೆಯ ಟ್ರ್ಯಾಕ್ಟರನ್ನು ಕಂಡ. ಎತ್ತಿನಷ್ಟೇ ಎತ್ತರದ ಪುಟ್ಟ ಗಾಡಿ. ಮೈಯೆಲ್ಲ ತುಕ್ಕು. ಸೀಟಿನ ಗುಂಡಿಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. “ಕೋಳಿ ಬಿಟ್ಟು ಗಾಡಿ ಒಯ್ಯಿ, ನನಗೆ ಕೋಳಿಯಿಂದಲಾದರೂ ಲಾಭವಿದೆ,” ಎಂದು ಗುಜರಿಯವನು ನಕ್ಕ. ಮೂಡ್ಲಯ್ಯ ನಗಲಿಲ್ಲ. ಗಾಡಿಯ ಜೊತೆಗೆ ಬಿದ್ದಿದ್ದ ನೇಗಿಲು, ಕುಂಟೆ, ಹಲಗೆಗಳನ್ನೂ ಆರಿಸಿಕೊಂಡು ಮನೆಗೆ ತಂದ.

ಮನೆಯ ಮುಂದಿನ ಹೊಂಗೆಮರದ ಕೆಳಗೆ ಗೋಣಿತಾಟು ಹಾಸಿ ಗಾಡಿಯನ್ನು ಬಿಚ್ಚಿದ. ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಅವನ ಹೆಂಡತಿ ಈರಕ್ಕ ಬಂದು ನೋಡಿ, “ಉಣ್ಣುವ ತಟ್ಟೆಯನ್ನೂ ಒಯ್ದು ಅದರಲ್ಲಿ ನಟ್ಟು ನೆನೆಹಾಕಿದ್ದೀರಲ್ಲ, ಇವತ್ತು ಏನು ನಟ್ಟು ಉಣ್ಣುತ್ತೀರಾ?” ಎಂದಳು. ಬೈದಳೇ ಹೊರತು ಬಿಟ್ಟು ಹೋಗಲಿಲ್ಲ. ಅವನು ಉಜ್ಜಿದ್ದನ್ನು ಅವಳು ಒರೆಸಿದಳು. ನಟ್ಟು ಬಿಚ್ಚಲು ಅವನು ಕೇಳಿದ ಪಾನಾವನ್ನು ಅವಳು ಕೈಗಿತ್ತಳು. ಕಮ್ಮಾರನ ಬಳಿ ನೇಗಿಲಿನ ಗುಳ ತಟ್ಟಿಸಿ ತಂದಳು. ಕೊನೆಗೆ ಗಾಡಿಗೆ ಕೆಂಪು ಬಣ್ಣ ಬಳಿದರು. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು ಮೂಡ್ಲಯ್ಯ ಅದನ್ನು ಊರ ಬೀದಿಯಲ್ಲಿ ಓಡಿಸಿದಾಗ ಊರಿಗೆ ಊರೇ ಹೊಸಿಲಿಗೆ ಬಂದು ನಿಂತಿತು. ಅವನ ಕಣ್ಣಲ್ಲಿ ನೀರು ಬಂತು. ಬರಬೇಕಾದದ್ದೇ. ಗುಜರಿಗೆ ಬಿದ್ದದ್ದನ್ನು ಎಬ್ಬಿಸಿ ನಡೆಸಿದವನಿಗೆ ಹೆಮ್ಮೆಯಾಗದೆ ಇನ್ಯಾರಿಗೆ ಆಗಬೇಕು?

ಆದರೆ ಗಾಡಿಯಲ್ಲಿ ಮೂರು ಕೊರತೆ ಉಳಿದಿದ್ದವು.

ಅದು ಹ್ಯಾಂಡಲು ತಿರುಗಿಸಿ ಹೊರಡಿಸುವ ಇಂಜಿನ್ನು. ಅದರ ತಲೆಯ ಮೇಲೆ ಒಂದು ಸಣ್ಣ ಹಿಡಿ ಇತ್ತು. ಹಿಡಿ ಎತ್ತಿದರೆ ಒಳಗಿನ ಗಾಳಿ ಹೊರಗೆ ಹೋಗಿ ಹ್ಯಾಂಡಲು ಹಗುರವಾಗಿ ತಿರುಗುತ್ತದೆ. ವೇಗ ಬಂದಾಗ ಹಿಡಿ ಬಿಟ್ಟರೆ ಇಂಜಿನ್ನು ಹತ್ತಿಕೊಳ್ಳುತ್ತದೆ. ಆ ಹಿಡಿಯ ಸ್ಪ್ರಿಂಗು ಮುರಿದಿತ್ತು. ಬಿಟ್ಟರೂ ಅದು ತಾನಾಗಿ ಕೆಳಗಿಳಿಯುತ್ತಿರಲಿಲ್ಲ. ಮೂಡ್ಲಯ್ಯ ಒಂದು ಕೈಯಲ್ಲಿ ಹ್ಯಾಂಡಲು ತಿರುಗಿಸುತ್ತ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸರಿಯಾದ ಗಳಿಗೆಗೆ ಹಿಡಿಯನ್ನು ತಟ್ಟುತ್ತಿದ್ದ. ಡೀಸೆಲ್ ಪೈಪಿನ ಸಂದಿಯಲ್ಲಿ ಗಾಳಿ ಸೇರುತ್ತಿತ್ತು. ಅದಕ್ಕೆ ಬಟ್ಟೆ ಸುತ್ತಿ, ಹೊರಡಿಸುವ ಮುಂಚೆ ಅದನ್ನು ಒಂದು ಬಗೆಯಾಗಿ ತಿರುಚುತ್ತಿದ್ದ. ಉಳುವ ಗೇರು ನಡುನಡುವೆ ಜಾರುತ್ತಿತ್ತು. ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದೇ ತೋಟವೆಲ್ಲ ಉಳುತ್ತಿದ್ದ.

ಇವನ್ನು ಸರಿಮಾಡಲು ಅವನಿಗೆ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು. ಪೇಟೆಗೆ ಹೋಗಿ ಎರಡು ಸ್ಪ್ರಿಂಗು, ಗೇರು ಜಾರದಂತೆ ತಡೆಯುವ ಒಂದು ಗುಂಡು, ಪೈಪಿನ ತಾಮ್ರದ ವಾಷರು ಎಲ್ಲ ತಂದೂ ಇದ್ದ. ತಂದ ದಿನ ಮನೆಯ ಮುಂದೆ ಜನ ಸೇರಿದ್ದರು. ಊರ ಗಟ್ಟಿ ಆಳುಗಳೆಲ್ಲ ಹ್ಯಾಂಡಲು ತಿರುಗಿಸಿ ತಿರುಗಿಸಿ ಬೆವರುತ್ತಿದ್ದರು. ಇಂಜಿನ್ನು ಕೆಮ್ಮುವುದನ್ನೂ ಬಿಟ್ಟಿತ್ತು. ಮೂಡ್ಲಯ್ಯ ಅವರನ್ನು ಸರಿಸಿ, ಪೈಪು ತಿರುಚಿ, ಹ್ಯಾಂಡಲು ತಿರುಗಿಸಿ, ಹೆಬ್ಬೆರಳಿನಿಂದ ಟಪ್ಪನೆ ತಟ್ಟಿದ. ಗಾಡಿ ಹೊರಟಿತು.

“ಭಲೇ ಮೂಡ್ಲಣ್ಣ! ನಿನ್ನ ಕೈ ಮುಟ್ಟದಿದ್ದರೆ ಇದು ಏಳುವುದಿಲ್ಲ ಬಿಡು,” ಎಂದ ಮೇಲಿನ ತೋಟದ ಗೂಳಯ್ಯ.

ಆ ಮಾತು ಮೂಡ್ಲಯ್ಯನಿಗೆ ಜೇನು ತಿಂದ ಹಾಗಾಯಿತು. ತಂದ ಸಾಮಾನನ್ನು ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ನೇತು ಹಾಕಿದ. ನಾಳೆ ಹಾಕಿದರಾಯಿತು ಎಂದುಕೊಂಡ. ನಗಬೇಡ, ಅಡವೀಶ. ಆ ನಾಳೆ ಬರಲೇ ಇಲ್ಲ.

ದಿನ ಕಳೆದಂತೆ ಊರವರು ಎತ್ತುಗಳನ್ನು ಒಬ್ಬೊಬ್ಬರಾಗಿ ಮಾರಿದರು. ಮೂಡ್ಲಣ್ಣನ ಗಾಡಿ ಇದೆಯಲ್ಲ, ಇನ್ನು ಎತ್ತಿಗೆ ಮೇವು ಯಾಕೆ ಎಂದರು. ಉಳುಮೆಯ ಕಾಲ ಬಂದರೆ ಬೆಳಗಾಗುವ ಮುಂಚೆಯೇ ಅವನ ಬಾಗಿಲಲ್ಲಿ ಕರೆಯುವ ದನಿ ಕೇಳುತ್ತಿತ್ತು. ಅವನು ಹಾಸಿಗೆಯಲ್ಲೇ ಮಲಗಿ ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿದ್ದ. ಎದ್ದಾಗ ಮೀಸೆ ತಿರುವಿಕೊಂಡೇ ಏಳುತ್ತಿದ್ದ.

ಒಂದು ವರ್ಷ ಮುಂಗಾರು ಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ನೆಲ ಹದವಾಯಿತು. ಎಲ್ಲರ ಮಡಿಗಳಲ್ಲಿ ಸೇವಂತಿಗೆ ಸಸಿಗಳು ನಾಟಿಗೆ ಬಂದು ನಿಂತಿದ್ದವು. ಆ ಕೆಂಪು ನೆಲದ ಹದ ಬಹಳ ದಿನ ನಿಲ್ಲುವಂಥದ್ದಲ್ಲ. ಬಿಸಿಲು ಏರಿತೆಂದರೆ ಮಣ್ಣು ಕಲ್ಲಾಗುತ್ತದೆ. ಆಮೇಲೆ ಇನ್ನೊಂದು ಮಳೆ ಬರುವವರೆಗೆ ಗುಳ ಇಳಿಯುವುದಿಲ್ಲ. ಅಷ್ಟರಲ್ಲಿ ಸಸಿ ಬಲಿತು ಕೆಲಸಕ್ಕೆ ಬಾರದಂತಾಗುತ್ತದೆ.

ಬೆಳಿಗ್ಗೆ ಮೂಡ್ಲಯ್ಯ ಗಾಡಿ ಹೊರಡಿಸಲು ನಿಂತ. ಸುತ್ತ ಜನ ನಿಂತು ನೋಡುತ್ತಿದ್ದರು. ಜನ ನೋಡುತ್ತಿದ್ದರೆ ಅವನ ಕೈ ಇನ್ನಷ್ಟು ಜೋರು. ಹ್ಯಾಂಡಲು ಇನ್ನೂ ವೇಗ ಹಿಡಿದಿರಲಿಲ್ಲ, ಹೆಬ್ಬೆರಳು ಒಂದು ಗಳಿಗೆ ಮುಂಚೆ ತಟ್ಟಿತು. ಇಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲು ಗಿರ್ರನೆ ಮರಳಿ ಬಂದು ಅವನ ಮಣಿಕಟ್ಟಿಗೆ ಹೊಡೆಯಿತು. ಮೂಳೆ ಮುರಿಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವನು ಮನೆಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಗಾಡಿಯ ಸುತ್ತ ಜನ ಹಾಗೆಯೇ ಇದ್ದರು. ಮೂಡ್ಲಯ್ಯ ಜಗಲಿಯ ಮೇಲೆ ಕೂತು ಹೇಳಿಕೊಡತೊಡಗಿದ. “ಪೈಪು ತಿರುಚು. ಹಾಗಲ್ಲ, ಸ್ವಲ್ಪ ಈಚೆ. ಈಗ ತಿರುಗಿಸು. ತಟ್ಟು ತಟ್ಟು! ಅಯ್ಯೋ, ತಡವಾಯಿತು ಮಾರಾಯ.” ಗೂಳಯ್ಯ ತಟ್ಟಿದ. ಅವನ ಮಗ ತಟ್ಟಿದ. ಈರಕ್ಕನೂ ತಟ್ಟಿ ನೋಡಿದಳು. ಯಾರು ತಟ್ಟಿದರೂ ಇಂಜಿನ್ನು ಹತ್ತಲಿಲ್ಲ. ಯಾವ ಗಳಿಗೆಗೆ ತಟ್ಟಬೇಕು ಎಂದು ಅವರು ಕೇಳಿದರು. ಅದು ಮೂಡ್ಲಯ್ಯನಿಗೂ ಬಾಯಲ್ಲಿ ಹೇಳಲು ಬರಲಿಲ್ಲ. ಅವನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು.

ಬಿಸಿಲು ಏರುತ್ತಲೇ ಇತ್ತು. ಕಟ್ಟಲು ಊರಿನಲ್ಲಿ ಒಂದು ಜೊತೆ ಎತ್ತೂ ಉಳಿದಿರಲಿಲ್ಲ. ಗೂಳಯ್ಯ ಹಣೆಯ ಬೆವರು ಒರೆಸಿಕೊಂಡು, “ಬಿಡ್ರಪ್ಪ. ಮೂಡ್ಲಣ್ಣನ ಕೈ ಮುಟ್ಟದಿದ್ದರೆ ಇದು ಏಳುವುದಿಲ್ಲ,” ಎಂದು ತನ್ನ ತೋಟದ ಕಡೆ ನಡೆದ.

ಅದೇ ಮಾತು. ಅಂದು ಜೇನಿನಂತಿದ್ದದ್ದು ಇಂದು ಮೂಡ್ಲಯ್ಯನಿಗೆ ಬೇವಿನಂತೆ ಕಹಿಯಾಯಿತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗಾಡಿ ರಿಪೇರಿ ಮಾಡಿದೆ ಎಂದು ಊರೆಲ್ಲ ಮೆರೆದೆ, ಮಾಡಿದ್ದು ಅರ್ಧ ಮಾತ್ರ. ಉಳಿದ ಅರ್ಧವನ್ನು ನನ್ನ ಕೈಯಲ್ಲಿ ಮುಚ್ಚಿಟ್ಟುಕೊಂಡೆ ಎಂದು ಅವನಿಗೆ ತಿಳಿಯಿತು.

“ಈರಕ್ಕ, ಆ ಮೊಳೆಯ ಮೇಲಿನ ತಂತಿ ತೆಗೆದುಕೊಂಡು ಬಾ,” ಎಂದ.

ಅವಳು ತಂದು ನೋಡಿದಳು. ಸ್ಪ್ರಿಂಗಿನ ಮೇಲೆ ಧೂಳು ಕೂತಿತ್ತು.

“ಇದು ಇಲ್ಲೇ ಇತ್ತಾ?”

“ಇಲ್ಲೇ ಇತ್ತು.”

“ಮತ್ತೆ ಯಾಕೆ ಹಾಕಲಿಲ್ಲ?”

ಮೂಡ್ಲಯ್ಯ ತಲೆ ತಗ್ಗಿಸಿದ. ಈರಕ್ಕ ಸೆರಗು ಸಿಕ್ಕಿಸಿಕೊಂಡು ಪಾನಾ ಕೈಗೆತ್ತಿಕೊಂಡಳು.

ಅವನು ಹೇಳಿದ, ಅವಳು ಬಿಚ್ಚಿದಳು. ಹಿಡಿಗೆ ಸ್ಪ್ರಿಂಗು ಕೂತಿತು. ಪೈಪಿಗೆ ಸುತ್ತಿದ್ದ ಬಟ್ಟೆ ಕಿತ್ತು ತಾಮ್ರದ ವಾಷರು ಹಾಕಿ ಬಿಗಿದಳು. ಗೇರಿನ ಮೇಲಿನ ತಗಡು ತೆಗೆದು ಒಳಗೆ ಗುಂಡು, ಸ್ಪ್ರಿಂಗು ಕೂರಿಸಿದಳು. ತಪ್ಪಿದಲ್ಲಿ ಬಿಚ್ಚಿ ಮತ್ತೆ ಹಾಕಿದಳು. ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಅವಳು ಹಿಡಿ ಎತ್ತಿ, ಹ್ಯಾಂಡಲು ತಿರುಗಿಸಿ, ವೇಗ ಬಂದಾಗ ಹಿಡಿ ಬಿಟ್ಟಳು. ಹಿಡಿ ತಾನಾಗಿ ಕೆಳಗಿಳಿಯಿತು. ಗಾಡಿ ಹೊರಟಿತು.

ಈರಕ್ಕ ಹಾಗೆಯೇ ಸೀಟಿಗೆ ಹತ್ತಿ ತೋಟಕ್ಕಿಳಿದಳು. ಮಾರನೆಯ ದಿನವೂ ಉತ್ತಳು. ಅವಳು ದಣಿದಾಗ ಬೇರೆಯವರು ಹತ್ತಿದರು. ಊರಿನ ತೋಟಗಳೆಲ್ಲ ಹದ ಆರುವ ಮುಂಚೆ ನಾಟಿಯಾದವು, ಒಂದನ್ನು ಬಿಟ್ಟು. ಎತ್ತರದಲ್ಲಿದ್ದ ಗೂಳಯ್ಯನ ತೋಟ ಮೊದಲೇ ಒಣಗಿ ಹೋಗಿತ್ತು. ಅವನ ಸಸಿ ಮಡಿಯಲ್ಲೇ ಹಳದಿಯಾಯಿತು. ಮೂಡ್ಲಯ್ಯ ತನ್ನ ಮಡಿಯಲ್ಲಿ ಹೊಸ ಸಸಿ ಎಬ್ಬಿಸಿ ಮುಂದಿನ ಮಳೆಗೆ ಅವನಿಗೆ ಕೊಟ್ಟ. ಎದುರು ನಿಂತು ಅವನ ಮುಖ ನೋಡಲು ಮಾತ್ರ ಆಗಲಿಲ್ಲ.

ಕೈ ಕೂಡಿಕೊಂಡ ಮೇಲೆ ಮೂಡ್ಲಯ್ಯ ಗಾಡಿಯನ್ನು ಮತ್ತೊಮ್ಮೆ ಪೂರ್ತಿ ಬಿಚ್ಚಿದ. ತನ್ನ ಕೈಗೆ ಮಾತ್ರ ಗೊತ್ತಿದ್ದ ಒಂದೊಂದು ಉಪಾಯವನ್ನೂ ಹುಡುಕಿ ಹುಡುಕಿ ತೆಗೆದ. ನೇಗಿಲು ಸಿಕ್ಕಿಸುವಾಗ ಕಾಲಿನಿಂದ ಒದೆಯಬೇಕಿತ್ತು. ಆ ಕೊಂಡಿಯನ್ನು ನೆಟ್ಟಗೆ ಮಾಡಿದ. ಕುಂಟೆಯ ಬೋಲ್ಟು ಸಡಿಲವಾದರೆ ಅವನು ಸದ್ದಿನಲ್ಲೇ ತಿಳಿಯುತ್ತಿದ್ದ. ಅದು ಸಡಿಲವೇ ಆಗದಂತೆ ಇನ್ನೊಂದು ನಟ್ಟು ಬಿಗಿದ. ಮೊದಲ ರಿಪೇರಿಗಿಂತ ಇದೇ ಕಷ್ಟವಾಯಿತು. ಮೊದಲು ಉಜ್ಜಿದ್ದು ಬರೀ ತುಕ್ಕು. ಈ ಸಲ ತನ್ನ ಹೆಸರನ್ನೇ ಉಜ್ಜಿ ತೆಗೆಯಬೇಕಾಗಿತ್ತು.

ಕಳೆ ತೆಗೆಯುವ ಕಾಲ ಬಂತು. ಒಂದು ಬೆಳಿಗ್ಗೆ ಮೂಡ್ಲಯ್ಯ ಒಳಗೆ ಕೂತು ರೊಟ್ಟಿ ತಿನ್ನುತ್ತಿದ್ದ. ಹೊರಗೆ ಹೊಂಗೆಮರದ ಕೆಳಗೆ ಹೆಜ್ಜೆಯ ಸದ್ದಾಯಿತು. ಯಾರೋ ಕುಂಟೆ ಸಿಕ್ಕಿಸಿದರು. ಹ್ಯಾಂಡಲು ತಿರುಗಿತು. ಒಂದೇ ಸಲಕ್ಕೆ ಇಂಜಿನ್ನು ಹತ್ತಿಕೊಂಡು, ಗಾಡಿ ಬೀದಿಗೆ ಇಳಿದು ಹೋಯಿತು. ಅವನು ಕಿಟಕಿಯಿಂದ ಬಗ್ಗಿ ನೋಡಿದ. ಸೀಟಿನ ಮೇಲೆ ಗೂಳಯ್ಯ ಕೂತಿದ್ದ, ತನ್ನದೇ ಗಾಡಿ ಎಂಬಂತೆ ಬೀಡಿ ಕಚ್ಚಿಕೊಂಡು.

ಮೂಡ್ಲಯ್ಯನ ಕೈಯ ರೊಟ್ಟಿ ಕೈಯಲ್ಲೇ ನಿಂತಿತು. ಎದೆ ತುಂಬಿ ಬಂತು. ಆಯುಧಪೂಜೆಯ ದಿನ ಊರೆಲ್ಲ ನೋಡುತ್ತ ನಿಂತಾಗಲೂ ಅವನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

“ಈರಕ್ಕ, ಕೇಳಿಸಿತಾ?” ಎಂದ.

“ಏನು?” ಎಂದಳು ಅವಳು, ಒಲೆಯ ಮುಂದಿನಿಂದ.

“ಯಾರೂ ನನ್ನನ್ನು ಕರೆಯಲಿಲ್ಲ!”

ಗುರುಗಳು ಕತೆ ನಿಲ್ಲಿಸಿದರು. ಅಡವೀಶನ ಮುಖ ಅರಳಿತ್ತು. “ಒಳ್ಳೆಯ ರೈತ, ಗುರುಗಳೇ. ಕೊನೆಗಾದರೂ ತಿಳಿದುಕೊಂಡನಲ್ಲ. ಆದರೆ ಕೈಯಲ್ಲೇ ಇದ್ದ ಸ್ಪ್ರಿಂಗನ್ನು ಅಷ್ಟು ಕಾಲ ಮೊಳೆಗೆ ನೇತು ಹಾಕಿದ್ದು ಮಾತ್ರ ದೊಡ್ಡ ತಪ್ಪು. ಪಾಪ, ಗೂಳಯ್ಯನ ತೋಟ ಹೋಯಿತು,” ಎಂದ.

ಗುರುಗಳು ಅಡುಗೆಮನೆಯ ಮೂಲೆಯತ್ತ ನೋಡಿದರು. ಆ ಇಬ್ಬರು ಶಿಷ್ಯರು ಅಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

“ಅವರಿಬ್ಬರನ್ನು ನೀನು ಯಾವ ಮೊಳೆಗೆ ನೇತು ಹಾಕಿದ್ದೀಯೆ, ಅಡವೀಶ?”