ಪೆಟ್ಟಿಗೆಯೊಳಗಿನ ಚೀಟಿ

"ಸರ್, ಹೊಸ ಗಿಟಾರನ್ನು ಹಳೆಯದರಂತೆ ಕಾಣುವ ಹಾಗೆ ಮಾಡಿದರೆ ತಪ್ಪೇನು? ನಾದವೇನೂ ಬದಲಾಗುವುದಿಲ್ಲವಲ್ಲ" ಎಂದು ಲೋಹಿತ್ ತನ್ನ ಗುರು ಬೆನೆಡಿಕ್ಟ್ ಮೇಷ್ಟ್ರನ್ನು ಕೇಳಿದ.

ಅವನ ತೊಡೆಯ ಮೇಲೆ ಹೊಸ ಎಲೆಕ್ಟ್ರಿಕ್ ಗಿಟಾರಿತ್ತು. ಅರವತ್ತು ವರ್ಷ ಹಿಂದಿನ ಮಾದರಿಯದು, ಬೆಲೆ ಮಾತ್ರ ಕೈಗೆಟುಕುವಂಥದು. ಭಾನುವಾರ ಅವನು ಮೊದಲ ಬಾರಿ ವೇದಿಕೆ ಹತ್ತುವುದಿತ್ತು. ಜೊತೆಯವರು ಆಗಲೇ "ಎಲ್ಲಪ್ಪಾ ನಿನ್ನ ಮದುಮಗಳು?" ಎಂದು ಅದರ ಹೊಳಪನ್ನು ಆಡಿಕೊಳ್ಳತೊಡಗಿದ್ದರು. ಅಂಗಿಯ ಜೇಬಿನಿಂದ ಸ್ಯಾಂಡ್‌ಪೇಪರಿನ ಮೂಲೆ ಹೊರಗೆ ಕಾಣುತ್ತಿತ್ತು.

ಮೇಷ್ಟ್ರು ಜೇಬನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಕಾರ್ಖಾನೆಯಲ್ಲಿ ಒಂದೇ ಒಂದು ನಿಯಮವಿತ್ತು. ಗಿಟಾರಿನ ಆಕಾರ ಹಳೆಯದಿರಲಿ, ಬಣ್ಣ ಹಳೆಯದಿರಲಿ, ನಾದವಂತೂ ಹಳೆಯದೇ ಇರಬೇಕು. ಸವೆತ ಮಾತ್ರ ಕೊಂಡವರದೇ ಆಗಬೇಕು. ಅಲ್ಲಿದ್ದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಆ ನಿಯಮವನ್ನು ಮುರಿದರು. ಮೊದಲು ಮುರಿದವನು ಅದನ್ನು ಮಾಡಿದವನೇ.

ಅವನು ಕಾರ್ಖಾನೆಯ ಯಜಮಾನ. ಕೆಲಸ ಬಲ್ಲವನು. ಹಳೆಯ ಗಿಟಾರುಗಳೆಲ್ಲ ಶ್ರೀಮಂತರ ಗಾಜಿನ ಕಪಾಟು ಸೇರುತ್ತಿದ್ದ ಕಾಲದಲ್ಲಿ, ಬಸ್ ಕಂಡಕ್ಟರನ ಮಗಳೂ ಕೊಳ್ಳುವಂತೆ ಅದೇ ಮಾದರಿಯನ್ನು ಹೊಸದಾಗಿ ಮಾಡಿಸಿದ. ಪ್ರತಿ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿಸುತ್ತಿದ್ದ. 'ಇದು ಹೊಸದು. ಹಳೆಯದು ಮಾಡುವ ಕೆಲಸ ನಿಮ್ಮದು' ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ಕೆಳಗೆ ತಂತಿ ಕಟ್ಟುವವಳ ಸಹಿ. ಆ ಸಹಿಯಿಲ್ಲದ ಪೆಟ್ಟಿಗೆ ಬಾಗಿಲು ದಾಟುತ್ತಿರಲಿಲ್ಲ.

ತಂತಿ ಕಟ್ಟುವವಳು ಎಷ್ಟೇ ಅವಸರವಿದ್ದರೂ ಪೂರ್ತಿ ಹೆಸರು ಬರೆಯುತ್ತಿದ್ದಳು. ಹದಿನಾಲ್ಕು ವರ್ಷದಿಂದ ಅವಳು ಮಾಡಿದ್ದು ಅದೊಂದೇ ಕೆಲಸ. ಊರಿನಲ್ಲಿ ಆ ಕೆಲಸಕ್ಕೆ ಬೇರೆ ಕಾರ್ಖಾನೆಯೂ ಇರಲಿಲ್ಲ.

ಒಂದು ದಿನ ಒಬ್ಬ ವರ್ತಕ ಬಂದ. "ಮಾಲು ಚೆನ್ನಾಗಿದೆ, ಆದರೆ ಹೊಳೆಯುತ್ತದೆ. ಜನಕ್ಕೆ ನಾಲ್ಕು ಊರು ಸುತ್ತಿ ಬಂದಂಥ ಗಿಟಾರು ಬೇಕು. ಸ್ವಲ್ಪ ಸವೆಸಿಕೊಡಿ, ನೂರು ಒಯ್ಯುತ್ತೇನೆ" ಎಂದ.

ಯಜಮಾನ ಎರಡು ದಿನ ಯೋಚಿಸಿದ. ಮೂರನೆಯ ದಿನ ರಟ್ಟು ಕತ್ತರಿಸಿ ಒಂದು ಅಚ್ಚು ಮಾಡಿದ. ನುಡಿಸುವವರ ಮುಂಗೈ ಗಿಟಾರಿನ ಮೇಲಂಚಿಗೆ ಉಜ್ಜುತ್ತದಲ್ಲ, ಆ ಜಾಗದಲ್ಲಿ ಅಚ್ಚಿಟ್ಟು ಬಣ್ಣ ಕೆರೆಯಬೇಕು. ಒಬ್ಬ ಕೆರೆದ. ಇನ್ನೊಬ್ಬ ತಿರುಪುಗಳನ್ನು ಉಪ್ಪುನೀರಿನಲ್ಲಿ ನೆನೆಸಿ ತುಕ್ಕು ಹಿಡಿಸಿದ. ಮತ್ತೊಬ್ಬ ಬಿಳಿಯ ಗುಂಡಿಗಳನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳದಿ ಮಾಡಿದ. ಅರವತ್ತು ವರ್ಷ ಒಂದೇ ವಾರದಲ್ಲಿ ಮುಗಿಯಿತು.

ತಂತಿ ಕಟ್ಟುವವಳು, ಕೆರೆದದ್ದು ತಾನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ತಂತಿ ಬಿಗಿದಳು, ಶ್ರುತಿ ನೋಡಿದಳು. ಸಹಿಯನ್ನು ಮಾತ್ರ ಮುಂದೂಡುತ್ತಾ ಹೋದಳು. ತೊಂಬತ್ತು ಮುಗಿದವು. ಉಳಿದ ಹತ್ತು ಎಡಗೈಯವರ ಗಿಟಾರುಗಳು. ಅವಳೂ ಎಡಚಿ. ಒಂದನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಲು ಕೈ ಇಟ್ಟಳು. ಕೈ ಕೂತ ಕಡೆ ಬಣ್ಣ ನುಣ್ಣಗೆ ಹೊಳೆಯುತ್ತಿತ್ತು. ಸವೆತ ಕೆಳಗೆ, ತೊಡೆಗೆ ತಾಗುವ ಅಂಚಿನಲ್ಲಿತ್ತು. ನೂರಕ್ಕೂ ಒಂದೇ ಅಚ್ಚು ಇಟ್ಟಿದ್ದರು. ಎಡಗೈಯ ಗಿಟಾರು ತಿರುವುಮುರುವಾಗಿರುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅವಳು ಅದನ್ನು ಯಜಮಾನನ ಮುಂದಿಟ್ಟಳು.

"ಅರವತ್ತು ವರ್ಷ ಇದನ್ನು ನುಡಿಸಿದವರು ಯಾರು ಯಜಮಾನರೇ? ಮೊಣಕಾಲಿನಿಂದ ನುಡಿಸಿದರೇ?"

ಕೆರೆದವನಿಗೇ ನಗು ತಡೆಯಲಾಗಲಿಲ್ಲ. ಯಜಮಾನ ನಗಲಿಲ್ಲ.

"ಆ ಹತ್ತನ್ನು ಸರಿಮಾಡಿಸೋಣ ಬಿಡಮ್ಮ. ನೀನು ಸಹಿ ಹಾಕು."

"ತೊಂಬತ್ತು?"

"ಅವಕ್ಕೇನಾಗಿದೆ?"

"ಅವುಗಳಲ್ಲಿ ಸುಳ್ಳು ಸರಿಯಾದ ಜಾಗದಲ್ಲಿದೆ, ಅಷ್ಟೇ."

ಯಜಮಾನ ತನ್ನ ರಟ್ಟಿನ ಅಚ್ಚನ್ನು ಪಕ್ಕಕ್ಕೆ ಸರಿಸಿದ. "ಸಂಜೆ ಲಾರಿ ಬರುತ್ತದೆ. ಸಹಿ ಹಾಕದಿದ್ದರೆ ನಾಳೆಯಿಂದ ನೀನು ಬರುವುದು ಬೇಡ" ಎಂದ.

ಅವಳು ಚೀಟಿಗಳ ಕಟ್ಟು ತೆಗೆದುಕೊಂಡು ತನ್ನ ಮೇಜಿಗೆ ಹೋದಳು. ದಾರಿಗೆ ಬಂದಳು ಎಂದುಕೊಂಡರು ಎಲ್ಲರೂ. ನೂರು ಚೀಟಿಗಳಲ್ಲೂ ಅವಳು ಅಚ್ಚಾದ ಮಾತನ್ನು ಗೀಟೆಳೆದು ಹೊಡೆದುಹಾಕಿದಳು. ಅದರ ಕೆಳಗೆ, 'ಇದು ಹೊಸದು. ಈ ಸವೆತ ನಮ್ಮ ಕೈಯದು, ಒಂದು ವಾರದ್ದು. ನಿಮ್ಮದನ್ನು ಇದರ ಪಕ್ಕದಲ್ಲಿ ಶುರುಮಾಡಿ' ಎಂದು ಬರೆದಳು. ಎಂದಿನಂತೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಒಂದೊಂದು ಪೆಟ್ಟಿಗೆಗೂ ಒಂದೊಂದು ಚೀಟಿ ಇಟ್ಟು, ಮುಚ್ಚಳ ತೆರೆದೇ ಬಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಲೋಹಿತ್ ಗಿಟಾರಿನ ಮೇಲೆ ಬಾಗಿ ಕೂತಿದ್ದ. "ಲಾರಿ ಬಂತೇ ಸರ್? ಅವಳ ಕೆಲಸ ಹೋಯಿತೇ?"

"ಅದಿರಲಿ, ಇಷ್ಟು ಹೊತ್ತು ನಿನ್ನ ಮುಂಗೈ ಎಲ್ಲಿ ಉಜ್ಜುತ್ತಿತ್ತು, ನೋಡಿಕೋ."

ಲೋಹಿತ್ ನೋಡಿಕೊಂಡ. ಮೇಲಂಚಿನ ಮೇಲಿದ್ದ ಮುಂಗೈಯನ್ನು ಹಾಗೇ ಬಿಟ್ಟು, ಇನ್ನೊಂದು ಕೈಯಿಂದ ಸ್ಯಾಂಡ್‌ಪೇಪರನ್ನು ತೆಗೆದು ಮೇಷ್ಟ್ರ ಮುಂದಿಟ್ಟ.