ಐರಾವತ ಕಂಪ್ಯೂಟರೂ ಸಾಕಮ್ಮನ ಮಗನೂ

ನಗು ಬಂದರೆ ನಕ್ಕುಬಿಡಿ, ತಡೆದುಕೊಂಡು ಹೊಟ್ಟೆನೋವು ಮಾಡಿಕೊಳ್ಳಬೇಡಿ. ಚಳ್ಳಕೆರೆಯಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗಿದ್ದದ್ದು ಒಂದು ಟೈಪಿಂಗ್ ಶಾಲೆ, ಒಬ್ಬ ಮಗ, ಒಂದು ಹೊಟ್ಟೆಕಿಚ್ಚು. ಶಾಲೆ, ತೀರಿಕೊಂಡ ಗಂಡ ನಡೆಸುತ್ತಿದ್ದದ್ದು. ಮಗ ತಿಪ್ಪೇಶನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಹೊಟ್ಟೆಕಿಚ್ಚು ಎದುರುಮನೆಯ ವಾರಗಿತ್ತಿ ಓಬಮ್ಮನ ಮೇಲೆ.

ಓಬಮ್ಮನದೂ ಟೈಪಿಂಗ್ ಶಾಲೆಯೇ. ಒಂದು ದಿನ ಅವಳ ಮನೆಗೆ ಕಂಪ್ಯೂಟರ್ ಬಂತು. ಊರಿಗೇ ಮೊದಲನೆಯದು! ಕಂಪನಿ ಇಟ್ಟ ಹೆಸರು ಐರಾವತ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮಿಣಮಿಣ ಅಂದವು, ಊರೆಲ್ಲ ಅವಳ ಕಿಟಕಿಗೆ ಜೋತುಬಿತ್ತು. ಸಾಕಮ್ಮನ ಹತ್ತಿರ ಟೈಪಿಂಗ್ ಕಲಿಯುತ್ತಿದ್ದವರೂ ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಸಾಕಮ್ಮನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೈಬಳೆ ಮಾರಿ ಕಂಪ್ಯೂಟರಿನ ಅಂಗಡಿಗೆ ಹೋದಳು.

"ಇದಕ್ಕಿಂತ ಒಳ್ಳೇದಿದೆ ಅಮ್ಮಾ, ಐರಾವತ ಯಾಕೋ ಬಾಳೋ ಹಾಗೆ ಕಾಣಲ್ಲ," ಅಂದ ಅಂಗಡಿಯವನು.

"ಬಾಳಲಿ ಬಿಡಲಿ! ಅವಳ ಮನೇಲಿರೋದೇ ಬೇಕು!"

ಐರಾವತ ಬಸ್ಸಿನಲ್ಲಿ ಬರುವ ದಿನ ಸಾಕಮ್ಮ ಮಗನನ್ನು ಕರೆದಳು. "ತಿಪ್ಪಾ, ಹೋಗಿ ತಗೊಂಬಾ. ಓಬಮ್ಮ ನೋಡೋ ಹಾಗೆ ತಗೊಂಬರಬೇಕು, ಗೊತ್ತಾಯ್ತಾ?"

"ಗೊತ್ತಾಯ್ತವ್ವಾ!"

ತಿಪ್ಪೇಶ ರಟ್ಟಿನ ಪೆಟ್ಟಿಗೆ ಹರಿದು ಬಿಸಾಕಿದ. ಬರಿಮೈ ಐರಾವತವನ್ನು ತಲೆಮೇಲೆ ಹೊತ್ತು ಓಬಮ್ಮನ ಬಾಗಿಲ ಮುಂದೆ ನಿಂತ. ಓಬಮ್ಮ ದಾವಣಗೆರೆಗೆ ಯಾರದೋ ಸೀಮಂತಕ್ಕೆ ಹೋಗಿದ್ದಳು. ತಿಪ್ಪೇಶ ನಿಂತೇ ಇದ್ದ. ಎಣ್ಣೆ ಮಿಲ್ಲಿನ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು, ನಿಂತೇ ಇದ್ದ. ಸಾಯಂಕಾಲ ಓಬಮ್ಮ ಬಂದಳು, ಕಣ್ಣರಳಿಸಿ ನೋಡಿದಳು. ಆಮೇಲೇ ಇವನು ಮನೆಗೆ ಬಂದ.

"ಅಯ್ಯೋ ಮಂಕೇ! ಧೂಳಲ್ಲಿ ಹೊರಳಾಡಿಸಿ ತಂದ್ಯೇನೋ! ಧೂಳು ತಾಗದ ಹಾಗೆ ದಪ್ಪಗೆ ಹೊದಿಸಬೇಕು ಕಣೋ!"

"ಇನ್ಮೇಲೆ ಹಾಗೇ ಮಾಡ್ತೀನವ್ವಾ!"

ಮಾರನೇ ದಿನ ಸಾಕಮ್ಮ ಐರಾವತವನ್ನು ಒರೆಸಿ, ಕುಂಕುಮ ಇಟ್ಟು, ಸ್ವಿಚ್ಚು ಹಾಕಿದಳು. ಹಸಿರು ಅಕ್ಷರ ಬಂತು. ಓಬಮ್ಮನ ಐರಾವತಕ್ಕಿಂತ ನಮ್ಮದರ ಅಕ್ಷರವೇ ಹೊಳಪು ಅನ್ನಿಸಿತು ಅವಳಿಗೆ. ಆ ಖುಷಿಯಲ್ಲಿ ಕಾಫಿ ಕಾಸಲು ಒಳಗೆ ಹೋದಳು. ತಿಪ್ಪೇಶ ಕಿಟಕಿಯಾಚೆ ಲಾರಿ ನೋಡಿದ. ಧೂಳು! ಕಂಬಳಿ ತಂದ, ಹೊದಿಸಿದ. ಇನ್ನೊಂದು ಕಂಬಳಿ ತಂದ, ಅದನ್ನೂ ಹೊದಿಸಿದ. ಸ್ವಿಚ್ಚು ಹಾಕಿಯೇ ಇದ್ದ ಐರಾವತ ಒಳಗೊಳಗೇ ಬೆಂದು ವಾಸನೆ ಎದ್ದಾಗ ಸಾಕಮ್ಮ ಓಡಿಬಂದು ಕಂಬಳಿ ಕಿತ್ತಳು.

"ಮುಂಡೇದೇ! ಬೇಯಿಸ್ತಿದ್ಯೇನೋ ಅದನ್ನ? ಬಿಸಿಯಾದ್ರೆ ಕೂಡ್ಲೇ ತಣ್ಣಗೆ ಮಾಡಬೇಕು ಕಣೋ!"

"ಇನ್ಮೇಲೆ ಹಾಗೇ ಮಾಡ್ತೀನವ್ವಾ!"

ಆ ವಾರವೇ ಹೈಸ್ಕೂಲಿನ ಹೆಡ್‌ಮಾಸ್ಟರು ರುದ್ರಮುನಿಯಪ್ಪನವರು ಬಂದರು. ಅವರ ಶಾಲೆಯ ಮಕ್ಕಳೆಲ್ಲ ಕಂಪ್ಯೂಟರ್ ಕಲಿಯಬೇಕಿತ್ತು. ಸಾಕಮ್ಮನ ಹತ್ತಿರವೋ ಓಬಮ್ಮನ ಹತ್ತಿರವೋ, ಎರಡರಲ್ಲಿ ಒಂದು. ಮಕ್ಕಳು ಬಂದರೆ ಸಾಕಮ್ಮನ ಶಾಲೆ ಉಳಿಯುತ್ತಿತ್ತು, ಬರದಿದ್ದರೆ ಬೀಗವೇ ಗತಿ. ಉರಿಬಿಸಿಲಲ್ಲಿ ನಡೆದುಬಂದ ಹೆಡ್‌ಮಾಸ್ಟರು ಜಗಲಿಯ ಮೇಲೆ ಕೂತು, "ಉಸ್ಸಪ್ಪಾ, ಮೈಯೆಲ್ಲ ಬಿಸಿ ಕಣಯ್ಯಾ," ಅಂದರು.

ಬಿಸಿ! ತಿಪ್ಪೇಶ ಬಚ್ಚಲಿಗೆ ಓಡಿದ, ಕೊಡ ತಂದ, ಹೆಡ್‌ಮಾಸ್ಟರ ನೆತ್ತಿಯ ಮೇಲೆ ದಬದಬ ಸುರಿದ. ಎದುರುಮನೆಯ ಬಾಗಿಲಲ್ಲಿ ಓಬಮ್ಮ ಬಿದ್ದು ಬಿದ್ದು ನಕ್ಕಳು. ಒದ್ದೆಮುದ್ದೆಯಾದ ಹೆಡ್‌ಮಾಸ್ಟರು ಓಬಮ್ಮನ ಮನೆಗೇ ಹೋಗಿ ಟವೆಲ್ಲು ಇಸಿದುಕೊಂಡರು. ಸಾಕಮ್ಮ ಮಗನ ಕೈಯಿಂದ ಕೊಡ ಕಿತ್ತುಕೊಂಡಳು. ಸಿಟ್ಟು ನೀರಿಗಲ್ಲ, ಆ ಟವೆಲ್ಲಿಗೆ.

"ನಿನ್ನ ತಲೇನ ಓಡಿಸಲೇಬೇಡ ಇನ್ಮೇಲೆ! ಎದುರುಮನೆ ನೋಡು! ಓಬಮ್ಮ ಅವಳ ಐರಾವತಕ್ಕೆ ಏನು ಮಾಡ್ತಾಳೋ, ನಮ್ಮದಕ್ಕೂ ಅದನ್ನೇ ಮಾಡು! ಅವಳಿಗಿಂತ ನಾವು ಹಿಂದೆ ಬೀಳಬಾರದು!"

"ಇನ್ಮೇಲೆ ಹಾಗೇ ಮಾಡ್ತೀನವ್ವಾ!"

ಈಗ ಕೇಳಿ, ಐರಾವತದ ಆಯುಸ್ಸು ಎಷ್ಟಿತ್ತು ಅಂತ. ಪೇಪರಿನ ತುಂಬ ಜಾಹೀರಾತು ಹಾಕಿಸಿಕೊಂಡು ಬಂದದ್ದು, ವರ್ಷ ತುಂಬುವ ಮೊದಲೇ ಸದ್ದಿಲ್ಲದೆ ಹೋಯಿತು. ಬೇಗ ಕಾಯುತ್ತೆ, ಬೇರೆ ಯಾವುದರ ಸಾಮಾನೂ ಅದಕ್ಕೆ ಹೊಂದಲ್ಲ ಅಂತ ಜನ ಕೊಳ್ಳುವುದು ಬಿಟ್ಟರು. ಕಂಪನಿ ಮಾಡುವುದು ಬಿಟ್ಟಿತು. ಅದೇ ಸಮಯಕ್ಕೆ ಓಬಮ್ಮನ ಐರಾವತ ಕಣ್ಣು ಮುಚ್ಚಿತು. ರಿಪೇರಿಗೆ ಸಾಮಾನಿಲ್ಲ, ಸಾಮಾನು ಮಾಡುವವರಿಲ್ಲ.

ಸಾಕಮ್ಮ ಓಬಮ್ಮನ ಎದುರಿಗೆ "ಅಯ್ಯೋ ಪಾಪ" ಅಂದಳು, ಮನೆಗೆ ಬಂದು ಹೋಳಿಗೆ ಮಾಡಿದಳು. ತಿಂದು ಸೀದಾ ಹೆಡ್‌ಮಾಸ್ಟರ ಹತ್ತಿರ ಓಡಿದಳು. "ಸಾರ್, ತಪ್ಪಾಯ್ತು ಸಾರ್. ಊರಲ್ಲಿ ನಡೆಯೋ ಕಂಪ್ಯೂಟರ್ ಅಂದ್ರೆ ಈಗ ನಮ್ಮನೇದೊಂದೇ. ಬಂದು ನೋಡಿ ಸಾರ್!" ಹೆಡ್‌ಮಾಸ್ಟರು ಕೊಡೆ ಬಿಚ್ಚಿಕೊಂಡೇ ಬಂದರು.

ಮೇಜಿನ ಮೇಲೆ ಐರಾವತ ಇರಲಿಲ್ಲ. ಹಸಿರು ಪ್ಲಾಸ್ಟಿಕ್ ಬಿಂದಿಗೆ ಇತ್ತು.

"ಎಲ್ಲೋ? ಎಲ್ಲೋ ಐರಾವತ?"

"ಓಬಮ್ಮ ಚಿಕ್ಕಮ್ಮ ಅವರದನ್ನ ಗುಜರಿಯವನಿಗೆ ಕೊಟ್ರು, ನಾನೂ ಕೊಟ್ಟೆ! ಚಿಕ್ಕಮ್ಮ ಬಿಂದಿಗೆ ತಗೊಂಡ್ರು, ನಾನೂ ತಗೊಂಡೆ!"

"ಅವಳದು ಕೆಟ್ಟಿತ್ತಲ್ಲೋ! ನಮ್ಮದು ಚೆನ್ನಾಗಿತ್ತಲ್ಲೋ!"

"ಗುಜರಿಯವನೂ ಹಾಗೇ ಅಂದ ಅವ್ವಾ. ಅದಕ್ಕೇ ಎತ್ತಿ ಒಂದ್ಸಲ ನೆಲಕ್ಕೆ ಹಾಕಿ ಕೊಟ್ಟೆ. ನಾವು ಹಿಂದೆ ಬೀಳಬಾರದಲ್ಲ!"

ಹೆಡ್‌ಮಾಸ್ಟರು ಮತ್ತೆ ಕೊಡೆ ಬಿಚ್ಚಿದರು. ಬಂದ ದಾರಿಯಲ್ಲೇ ಹೋದರು. ಸಾಕಮ್ಮ ಹಣೆ ಚಚ್ಚಿಕೊಂಡು ಕುಸಿದು ಕೂತಳು, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಎದುರಿನ ನಲ್ಲಿಯಲ್ಲಿ ಓಬಮ್ಮ ಕೆಂಪು ಬಿಂದಿಗೆಗೆ ನೀರು ಹಿಡಿಯುತ್ತಿದ್ದಳು. ಸಾಕಮ್ಮ ಅದನ್ನು ನೋಡಿದಳು, ಇದನ್ನು ನೋಡಿದಳು.

"ತಿಪ್ಪಾ, ಯಾರ ಬಿಂದಿಗೆ ದೊಡ್ಡದೋ?"

"ಅವರದೇ ಅವ್ವಾ."

ಆಗ ಅತ್ತಳು ನೋಡಿ ಸಾಕಮ್ಮ! ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಿಪ್ಪೇಶನಿಗೆ ಅಯ್ಯೋ ಅನ್ನಿಸಿತು.

"ಅಳಬೇಡವ್ವಾ. ಗುಜರಿಯವನು ಇನ್ನೂ ಬೀದಿ ಕೊನೇಲೇ ಇದ್ದಾನೆ. ಟೈಪಿಂಗ್ ಮಿಷನ್ನುಗಳನ್ನೂ ಕೊಟ್ರೆ ಇನ್ನೂ ದೊಡ್ಡದು ಕೊಡ್ತಾನಂತೆ!"

ಸಾಕಮ್ಮ ಮೂಗೊರೆಸಿಕೊಂಡು ಎದ್ದಳು. "ಮತ್ತೆ ನಿಂತಿದ್ದೀಯಲ್ಲೋ ದಡ್ಡ! ಅವನು ಹೊರಟುಬಿಟ್ಟಾನು, ಓಡು!"