ಬೆಳಗಿದ ಕಾವಲಿ

"ಗುರುಗಳೇ, ಹೇಳಿದಂತೆಯೇ ಮಾಡಿದ ಕೆಲಸ ಕೆಟ್ಟರೆ ತಪ್ಪು ಯಾರದು?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಗುರುಗಳು, ಅಂಗಳದಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿಯಬಾರದೆಂದು ಅವನಿಗೆ ಹೇಳಿ ಪಕ್ಕದ ಊರಿಗೆ ಹೋಗಿದ್ದರು. ಅವನು ಹುಲ್ಲಿನ ಜೊತೆಗೆ, ಅವರು ಬಾವಿಯ ಬಳಿ ಬೆಳೆಸಿದ್ದ ಒಂದೆಲಗವನ್ನೂ ಬೇರುಸಹಿತ ಕಿತ್ತು ಹಾಕಿದ್ದ. ಗುರುಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಬೆಳಗಿನಿಂದ ಅವನು ಯಾವ ಕೆಲಸಕ್ಕೂ ಕೈ ಹಾಕಿರಲಿಲ್ಲ. ಮುಟ್ಟಿದ್ದೆಲ್ಲ ಕೆಡುತ್ತದೆಯೋ ಏನೋ ಎಂಬ ಅಳುಕು. ಗಂಟು ಕಟ್ಟಿಕೊಂಡು ಊರಿಗೆ ಹೊರಟುಬಿಡಲೇ ಎಂದೂ ಯೋಚಿಸಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಬಡಗಿಗೆ ಹೆಂಡತಿ, ಒಬ್ಬ ಮಗಳು, ಒಬ್ಬ ಮಗ. ಮಕ್ಕಳು ಇನ್ನೂ ಚಿಕ್ಕವರು. ಆದರೂ ಮುಸುರೆ ತಿಕ್ಕುವ ಕೆಲಸವನ್ನು ತಾಯಿ ಅವರಿಗೆ ಕಲಿಸಿದ್ದಳು. ತಾಮ್ರಕ್ಕೆ ಹುಣಸೆಹಣ್ಣು, ಉಳಿದದ್ದಕ್ಕೆ ಬೂದಿ. ಅವಳು ಹೇಳಿಕೊಟ್ಟಿದ್ದ ಮಾತು ಒಂದೇ: ತಿಕ್ಕಿದ ಪಾತ್ರೆಯಲ್ಲಿ ನಿಮ್ಮ ಮುಖ ಕಾಣಬೇಕು, ಕಾಣದಿದ್ದರೆ ಅದು ತಿಕ್ಕಿದ ಹಾಗಲ್ಲ.

ಆ ಮನೆಯಲ್ಲಿ ಒಂದು ಕಬ್ಬಿಣದ ದೋಸೆಕಾವಲಿ ಇತ್ತು. ಅವಳ ಅತ್ತೆಯ ಕಾಲದ್ದು; ಅತ್ತೆಯೂ ಅದೇ ಮನೆಯಲ್ಲಿದ್ದಳು. ಅದಕ್ಕೆ ನೀರು ಸೋಕಿಸುವ ಪದ್ಧತಿ ಇರಲಿಲ್ಲ. ದೋಸೆ ಹುಯ್ದಾದ ಮೇಲೆ ಬಟ್ಟೆಯಲ್ಲಿ ಒರೆಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಸವರಿ, ಗೋಡೆಯ ಮೊಳೆಗೆ ತೂಗುಹಾಕಿದರೆ ಮುಗಿಯಿತು. ಹಾಗೆ ಕುಡಿದ ಎಣ್ಣೆಯಿಂದಲೇ ಅದು ಕಪ್ಪಗೆ ಪಳಗಿತ್ತು. ದೋಸೆ ಎಲೆಯ ಹಾಗೆ ಏಳುತ್ತಿತ್ತು. ಅದು ಮುಸುರೆಯ ರಾಶಿಗೆ ಎಂದೂ ಬಿದ್ದದ್ದಿಲ್ಲ. ಹಾಗಾಗಿ ಅದರ ವಿಷಯ ಮಕ್ಕಳಿಗೆ ಹೇಳಬೇಕೆಂದು ತಾಯಿಗೆ ಹೊಳೆದದ್ದೂ ಇಲ್ಲ.

ಒಂದು ದಿನ ಅತ್ತೆ ತನ್ನ ಮಗಳ ಮನೆಗೆ ಹೋಗಿದ್ದಳು. ತಾಯಿ ಪಕ್ಕದ ಬೀದಿಯ ಬಾಣಂತಿಗೆ ನೀರು ಹಾಕಲು ಹೋದವಳು ಅಲ್ಲಿಯೇ ಸಂಜೆಯವರೆಗೆ ಉಳಿಯಬೇಕಾಯಿತು. ಮಕ್ಕಳು ಮನೆ ಗುಡಿಸಿದರು, ನೀರು ತುಂಬಿದರು, ಪಾತ್ರೆಗಳನ್ನೆಲ್ಲ ಬೆಳಗಿ ಬೋರಲು ಹಾಕಿದರು. ಆಮೇಲೆ ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಕಾವಲಿ. ಇಷ್ಟು ವರ್ಷವಾದರೂ ಇದೊಂದನ್ನು ತಿಕ್ಕಲು ಅಮ್ಮನಿಗೆ ಪುರುಸೊತ್ತೇ ಸಿಕ್ಕಿಲ್ಲ, ಪಾಪ ಅಂದುಕೊಂಡರು. ಬೂದಿಗೆ ಕರಿ ಬಿಡಲಿಲ್ಲ. ಇಟ್ಟಿಗೆ ಪುಡಿ ಮಾಡಿ ತಂದು, ಅಕ್ಕ ತಮ್ಮ ಸರದಿಯ ಮೇಲೆ ಉಜ್ಜಿದರು.

ತಾಯಿ ಬಂದಾಗ ಕಾವಲಿ ಹೊಸಿಲಿಗೆ ಒರಗಿಕೊಂಡು ಬೆಳ್ಳಗೆ ಮಿನುಗುತ್ತಿತ್ತು. ಅದರ ಆಚೆ ಈಚೆ ಮಕ್ಕಳು ನಿಂತಿದ್ದರು. ಎದುರು ಮನೆಯವಳು ಜಗಲಿಯಿಂದಲೇ, "ಏನಮ್ಮಾ, ನಿನ್ನ ಕಾವಲಿಗೆ ಗಂಡು ಗೊತ್ತಾಯಿತೇ? ಇಷ್ಟು ಸಿಂಗಾರ ಮಾಡಿಸಿದ್ದೀಯಲ್ಲ" ಅಂದಳು.

ತಾಯಿ ಕಾವಲಿಯನ್ನು ಎತ್ತಿಕೊಂಡಳು. ಎಷ್ಟೋ ಹೊತ್ತು ಹಿಡಿದುಕೊಂಡೇ ನಿಂತಳು. ಕೈಯೆತ್ತಿ ಎರಡು ಬಿಡಲೇ, ಬಾಚಿ ತಬ್ಬಿಕೊಳ್ಳಲೇ ಅವಳಿಗೆ ತಿಳಿಯಲಿಲ್ಲ. ಮಗಳ ಬೆರಳುಗಳ ಚರ್ಮ ಸುಲಿದಿತ್ತು. ಕೊನೆಗೆ ಕೊಬ್ಬರಿ ಎಣ್ಣೆ ತಂದು ಆ ಬೆರಳುಗಳಿಗೆ ಸವರಿದಳು. ಒಳ್ಳೆಯ ಕೆಲಸ ಮಾಡಿದೆವೋ ಇಲ್ಲವೋ ಮಕ್ಕಳಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಬಂದಳು. ಹಲ್ಲಿಲ್ಲದ ಮುದುಕಿ, ಅವಳಿಗೆ ಮೆತ್ತನೆಯ ದೋಸೆಯೇ ಆಗಬೇಕು. ಮೊದಲ ದೋಸೆ ಕಾವಲಿಗೆ ಕಚ್ಚಿಕೊಂಡಿತು. ಎರಡನೆಯದು ಹರಿದುಹೋಯಿತು. ಮೂರನೆಯದನ್ನು ಕೆರೆದು ತೆಗೆಯಬೇಕಾಯಿತು. ಮುದುಕಿ ಎದ್ದು ಬಂದು ಒಲೆಯ ಮೇಲೆ ಬಗ್ಗಿ ನೋಡಿದಳು. "ಇದನ್ನು ತಿಕ್ಕಿದವರು ಯಾರು?"

ಮಗಳು ಮುಂದೆ ಬರುವಷ್ಟರಲ್ಲಿ ತಾಯಿ, "ನಾನೇ ಅತ್ತೆ" ಅಂದಳು.

ಅತ್ತೆ ಬಾಯಿಗೆ ಬಂದಂತೆ ಬೈದಳು. ನಿನ್ನ ತವರಿನಲ್ಲಿ ಕಲಿಸಿದ್ದು ಇದೇನೇ ಅಂದಳು. ತಾಯಿ ತಲೆ ತಗ್ಗಿಸಿ ದೋಸೆಯ ಚೂರುಗಳನ್ನು ತಟ್ಟೆಗೆ ಹಾಕುತ್ತಿದ್ದಳು. ಮಗಳು ಕಂಬ ಹಿಡಿದು ನಿಂತೇ ಇದ್ದಳು. ತಾನು ಪಟ್ಟ ಕಷ್ಟವನ್ನು ಅಮ್ಮ ತನ್ನದೆಂದು ಹೇಳಿಕೊಂಡಳಲ್ಲ ಎಂದು ಮೊದಲು ಸಿಟ್ಟು ಬಂತು. ಬೈಗುಳ ಕೇಳಿದ ಮೇಲೆ ಆ ಸಿಟ್ಟನ್ನು ಏನು ಮಾಡಬೇಕೋ ತಿಳಿಯದೆ ಹೋಯಿತು.

ಅಂದಿನಿಂದ ಮಗಳು ಪಾತ್ರೆಯ ಕಡೆಗೆ ಸುಳಿಯಲಿಲ್ಲ. ತಾಯಿ ಕರೆದಳು, ಪುಸಲಾಯಿಸಿದಳು, ಗದರಿದಳು. ಹುಡುಗಿ ಅಷ್ಟು ದೂರ ಕೂತು, "ಯಾವುದನ್ನು ಬೆಳಗಬೇಕು, ಯಾವುದನ್ನು ಬಿಡಬೇಕು, ನನಗೆ ಗೊತ್ತಾಗುವುದಿಲ್ಲಮ್ಮಾ. ನೀನೇ ಮಾಡಿಕೋ" ಅಂದಳು. ಕಾವಲಿ ಹಾಳಾಯಿತೆಂದು ಅಳದ ತಾಯಿಗೆ ಆಗ ಕಣ್ಣಲ್ಲಿ ನೀರು ಬಂತು.

ಅವಳು ಕಾವಲಿಯನ್ನು ತಂದು ಮಗಳ ಮಡಿಲಲ್ಲಿಟ್ಟಳು. ಅರ್ಧ ಈರುಳ್ಳಿಯನ್ನು ಅವಳ ಕೈಗೆ ಕೊಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟು, ಎಣ್ಣೆ ಸವರುವುದನ್ನು ತೋರಿಸಿದಳು. ಆ ಮಳೆಗಾಲವೆಲ್ಲ ಮನೆಯವರು ಚೂರುದೋಸೆಯನ್ನೇ ತಿಂದರು. ಮುದುಕಿ ಗೊಣಗುತ್ತಲೇ ತಿಂದಳು. ದಿನವೂ ಎಣ್ಣೆ ಸವರುತ್ತಿದ್ದವಳು ಮಗಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಇನ್ನೂ ಗೊಂದಲ. "ತಪ್ಪು ಮಕ್ಕಳದೇ ಅಲ್ಲವೇ ಗುರುಗಳೇ? ಮಗಳನ್ನು ಉಳಿಸಲು ತಾಯಿ ಸುಳ್ಳು ಹೇಳಿದಳು, ಅಷ್ಟೇ" ಅಂದ.

ಗುರುಗಳು ಬಾವಿಯ ಬಳಿಯ ಬರಿದಾದ ನೆಲದ ಕಡೆಗೆ ನೋಡಿದರು.

"ಸುಳ್ಳಲ್ಲಪ್ಪ, ಬೆಳಗಿದ ಆ ಕಾವಲಿಯನ್ನು ಎತ್ತಿಕೊಂಡಾಗ ಅದರಲ್ಲಿ ಅವಳಿಗೆ ಕಂಡದ್ದು ಅವಳದೇ ಮುಖ."

ಶಿಷ್ಯ ಎದ್ದು, ಕಿತ್ತು ಹಾಕಿದ್ದ ಹುಲ್ಲಿನ ರಾಶಿಯಲ್ಲಿ ಒಂದೆಲಗದ ಬೇರುಗಳನ್ನು ಹುಡುಕತೊಡಗಿದ.